ಕಯಾಕ್ ದೋಣಿಗೆ ಗಾಳದ ಕೋಲಿನ ಆಸರೆ ಕೂರಿಸುವ ಕ್ರಮ

ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ತೋಟಕ್ಕೂ ಕೆರೆಗೂ ಇರುವ ನಂಟು ಬಹಳ ಹಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂವರೆ ಮೂರು ಸಾವಿರ ಮಿ.ಮೀ. ಮಳೆ ಸುರಿದರೂ, ಮಾರ್ಚ್-ಏಪ್ರಿಲ್ ಬರುವ ಹೊತ್ತಿಗೆ ತೋಟದ ತಲೆಯ ಮೇಲಿನ ಕೆರೆಯ ನೀರೇ ಗತಿ. ಈ ಕೆರೆಗಳಲ್ಲಿ ಹಲವರು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟು ಬೆಳೆಸುತ್ತಿದ್ದಾರೆ. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ ಮೇಯುವುದರಿಂದ ಒಂದೇ ಕೆರೆಯ ನೀರು ಮೂರು ಅಂತಸ್ತಿನ ಹೊಲದಂತೆ ಉಪಯೋಗಕ್ಕೆ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಕೆರೆಗಳ ದಂಡೆಗೆ ಹೊಸದೊಂದು ವಸ್ತು ಬಂದಿದೆ. ಅದು ಕಯಾಕ್ ಎಂಬ ಒಬ್ಬರು ಕೂರುವ ಪ್ಲಾಸ್ಟಿಕ್ ದೋಣಿ. ಕಾನಸೂರು, ಹೆಗ್ಗರಣಿ ಮುಂತಾದ ಕಡೆ ಮನೆಗೆ ಬರುವ ಅತಿಥಿಗಳ ವಿಹಾರಕ್ಕೆಂದು ತರಿಸಿದವರಿದ್ದಾರೆ; ಕೆರೆಗೆ ಹಿಂಡಿ ತವುಡು ಹಾಕಲು, ಪಂಪಿನ ಫುಟ್‌ವಾಲ್ವ್ ಬಳಿಯ ಕಳೆ ಎಳೆಯಲು ತಂದವರೂ ಇದ್ದಾರೆ. ಅತಿಥಿಗಳು ಹೋದ ಮೇಲೆ, ಕೆಲಸ ಮುಗಿದ ಮೇಲೆ, ಸಂಜೆಯ ಹೊತ್ತಿಗೆ ಮನೆಯ ಹುಡುಗರು ಗಾಳದ ಕೋಲು ಹಿಡಿದು ಅದರಲ್ಲಿ ಕೂರುವುದು ಸಹಜ. ಆಗ ಏಳುವ ಪ್ರಶ್ನೆಯೆಂದರೆ, ಎರಡು ಕೈಯಲ್ಲಿ ಹುಟ್ಟು ಹಾಕುವಾಗ ಕೋಲನ್ನು ಎಲ್ಲಿಡುವುದು? ಪೇಟೆಯಲ್ಲಿ ರಾಡ್ ಹೋಲ್ಡರ್ ಎಂದು ಮಾರುವ ಆಸರೆ ಕೊಳವೆಯನ್ನು ದೋಣಿಗೆ ಎಲ್ಲಿ, ಹೇಗೆ ಕೂರಿಸುವುದು?

ಬೇಸಾಯಶಾಸ್ತ್ರದವನಿಗೆ ದೋಣಿಯ ಉಸಾಬರಿ ಏಕೆಂದು ಓದುಗರು ಕೇಳಬಹುದು. ರೈತನ ಕೆರೆ ರೈತನ ಜಮೀನಿನ ಭಾಗವೇ ಆಗಿರುವುದರಿಂದ ಅದರ ಮೇಲೆ ನಡೆಯುವ ಕೆಲಸವೂ ಬೇಸಾಯದ ಕೆಲಸವೇ ಎಂಬುದು ನನ್ನ ತಿಳುವಳಿಕೆ. ಅದಕ್ಕಿಂತ ಮುಖ್ಯವಾಗಿ, ಈ ಭಾಗದ ಪ್ರವಾಸಗಳಲ್ಲಿ ಕಂಡ ಆಸರೆಗಳ ಪೈಕಿ ಹೆಚ್ಚಿನವು ತಪ್ಪು ಜಾಗದಲ್ಲಿ, ತಪ್ಪು ರೀತಿಯಲ್ಲಿ ಕೂತಿದ್ದವು. ನಾಲ್ಕು ಸ್ಕ್ರೂ ತಪ್ಪಾಗಿ ಹೊಡೆದುದರಿಂದ ಕೋಲು ಕಳೆದುಕೊಂಡರೆ ಹಣದ ನಷ್ಟ. ಒಬ್ಬನೇ ಕೂತ ದೋಣಿ ಕೆರೆಯ ನಡುವೆ ಮಗುಚಿದರೆ ಅದರ ಲೆಕ್ಕವೇ ಬೇರೆ.

ಕಯಾಕ್‌ಗೆ ಮಾತ್ರ ಈ ಪ್ರಶ್ನೆ ಏಕೆ?

ನಮ್ಮ ಮರದ ದೋಣಿಯಲ್ಲಾಗಲಿ ತುಂಗಭದ್ರೆ, ಕಾವೇರಿಗಳ ಹರಿಗೋಲಿನಲ್ಲಾಗಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಒಬ್ಬ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ಗಾಳ ಅಥವಾ ಬಲೆ ನೋಡಿಕೊಳ್ಳುತ್ತಾನೆ. ಮೈಸೂರಿನ ಡಿವೆಟ್ ವ್ಯಾನ್ ಇಂಗನ್ ಅವರು 1946ರಲ್ಲಿ ಕಾವೇರಿ ಸೀಮೆಯಲ್ಲಿ ಗಾಳಕ್ಕೆ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ಮೀನನ್ನು ಯಾವ ಕೊಳವೆಯೂ ತಡೆದು ನಿಲ್ಲಿಸಲಾರದು. ಮನುಷ್ಯನೇ ಕೋಲು ಹಿಡಿದು ಸೆಣಸಬೇಕು. ಕಯಾಕ್‌ನಲ್ಲಾದರೋ ಅಂಬಿಗನೂ ಬೇಟೆಗಾರನೂ ಒಬ್ಬನೇ. ಅದರ ಹುಟ್ಟಿಗೆ ಎರಡು ತುದಿಯಲ್ಲೂ ಅಲಗು. ಎರಡು ಕೈಯೂ ಅದಕ್ಕೇ ಬೇಕು.

ಈ ದೋಣಿ ಹುಟ್ಟಿದ ಉತ್ತರ ಧ್ರುವದ ಸೀಮೆಯಲ್ಲಿ ಇದೇ ತೊಡಕು ಇತ್ತು. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಯಾಕ್ ಮಾಡುತ್ತಿದ್ದರು. ಈಟಿಗೆ ಕಟ್ಟಿದ ಹಗ್ಗದ ಸುರುಳಿ ಇಡಲು ಕೂತವನ ಎದುರಿಗೇ, ಕೈಗೆ ನಿಲುಕುವಂತೆ, ಒಂದು ಪುಟ್ಟ ಅಟ್ಟಣೆ ನಿಲ್ಲಿಸುತ್ತಿದ್ದರು. ಅದನ್ನು ಬೆನ್ನ ಹಿಂದೆ ಇಡದೆ ಎದುರಿಗೆ ಇಟ್ಟುದನ್ನು ಗಮನಿಸಬೇಕು. ಈ ಲೇಖನದ ಅರ್ಧ ಮಾತು ಆ ಅಟ್ಟಣೆಯಲ್ಲೇ ಇದೆ.

ಎಳೆತದ ಲೆಕ್ಕ

ಎರಡು ಕಿಲೋ ಮೀನಿಗೆ ಇಷ್ಟೆಲ್ಲ ಭದ್ರತೆ ಏಕೆಂದು ಕೆಲವರು ಹಗುರವಾಗಿ ಮಾತನಾಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಏಳು ಅಡಿಯ ಕೋಲು ಎಂದರೆ ಸುಮಾರು 210 ಸೆಂ.ಮೀ. ಅದರಲ್ಲಿ 30 ಸೆಂ.ಮೀ. ಕೊಳವೆಯೊಳಗೆ ಹೋದರೆ ಹೊರಗೆ ಉಳಿಯುವುದು 180 ಸೆಂ.ಮೀ. ದಾರ ಆರು ಕಿಲೋ ತಡೆಯುವುದೆಂದು ಇಟ್ಟುಕೊಳ್ಳೋಣ. ರೀಲಿನಲ್ಲಿ ದಾರವನ್ನು ಎಷ್ಟು ಬಿಗಿಗೆ ಬಿಟ್ಟುಕೊಡಬೇಕೆಂದು ಹೊಂದಿಸುವ ತಿರುಪು ಇರುತ್ತದೆ. ಅದನ್ನು ದಾರದ ಶಕ್ತಿಯ ಮೂರನೇ ಒಂದು ಭಾಗಕ್ಕೆ, ಅಂದರೆ ಎರಡು ಕಿಲೋಕ್ಕೆ ಇಡುವುದು ವಾಡಿಕೆ. ತುದಿಯಲ್ಲಿ ಎರಡು ಕಿಲೋ ಎಳೆತ ಬಿದ್ದರೆ ಬುಡದಲ್ಲಿ 2 ಗುಣಿಸು 180, ಅಂದರೆ 360 ಕಿಲೋ-ಸೆಂ.ಮೀ. ಹೊರಳು ಬಲ ಉಂಟಾಗುತ್ತದೆ. ಕೊಳವೆಯ ಪೀಠದಲ್ಲಿ ಮುಂದಿನ ಬೋಲ್ಟಿಗೂ ಹಿಂದಿನ ಬೋಲ್ಟಿಗೂ ಎಂಟು ಸೆಂ.ಮೀ. ಅಂತರವಿದ್ದರೆ, ಆ ಬೋಲ್ಟುಗಳನ್ನು ಕಿತ್ತೆಬ್ಬಿಸುವ ಬಲ 360 ಭಾಗಿಸು 8, ಅಂದರೆ 45 ಕಿಲೋ.

ಇದು 2018ರಿಂದ ಬರುತ್ತಿರುವ ಯೂರಿಯಾ ಚೀಲ ಒಂದರ ತೂಕ! ಕೋಲು ಬಾಗುವುದರಿಂದ ಬಲ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಮೀನು ಜಗ್ಗುವುದು ಜರ್ಕಿನಲ್ಲಿ, ಆ ಜರ್ಕು ಬಲವನ್ನು ಹೆಚ್ಚಿಸುತ್ತದೆ. ತಿರುಪನ್ನು ಪೂರ್ತಿ ಬಿಗಿದಿಟ್ಟರೆ ದಾರ ಹರಿಯುವ ಹೊತ್ತಿಗೆ ಪೀಠದ ಮೇಲೆ ಮೂರು ಚೀಲದ ಬಲ ಬಿದ್ದಿರುತ್ತದೆ. ದೋಣಿಯ ಗೋಡೆಯಾದರೋ ಐದಾರು ಮಿ.ಮೀ. ದಪ್ಪದ ಪಾಲಿಥೀನ್. ಬರಿಯ ಸ್ಕ್ರೂವಿನ ಹಲ್ಲು ಇಂಥ ಮೆತ್ತನೆಯ ವಸ್ತುವಿನಲ್ಲಿ ಎಷ್ಟು ಹೊತ್ತು ನಿಂತೀತು?

ಕಾನಸೂರು ಕಡೆಯ ರೈತರೊಬ್ಬರ ಕೆರೆಯಲ್ಲಿ ಇದರ ಫಲ ನೋಡಲು ಸಿಕ್ಕಿತು. ಅವರು ಪೇಟೆಯ ಸಿದ್ಧ ಕೊಳವೆಯನ್ನು ಕೂರುವ ಜಾಗದ ಹಿಂದೆ ನಾಲ್ಕು ಮರದ ಸ್ಕ್ರೂ ಹೊಡೆದು ಕೂರಿಸಿದ್ದರು. ಕಾಟ್ಲಾ ಕಚ್ಚಿದಾಗ ಕೊಳವೆ, ಕೋಲು, ಸ್ಕ್ರೂ ಮೂರೂ ಒಟ್ಟಿಗೆ ನೀರಿಗೆ ಹೋದವು. “ಮೀನು ಹೋದ್ರೆ ಹೋಗ್ಲಿ ಸಾಹೇಬ್ರೆ, ಅದು ನಮ್ಮ ಕೆರೇಲೇ ಇರ್ತದೆ. ಕೋಲು ಹೋಗಿದ್ದೇ ಸಂಕಟ” ಎಂದರು. ನನಗೆ ಚಿಂತೆಯಾದುದು ಉಳಿದ ನಾಲ್ಕು ತೂತುಗಳ ಬಗ್ಗೆ. ಅವನ್ನು ಅವರು ಮುಚ್ಚಿರಲಿಲ್ಲ. ದೋಣಿಯ ಹೊಟ್ಟೆಯ ತಿರುಪು ಮುಚ್ಚಳ ಬಿಚ್ಚಿ ಓರೆ ಮಾಡಿದಾಗ ಒಂದು ಬಕೆಟ್ಟಿನಷ್ಟು ನೀರು ಹೊರಗೆ ಬಂತು.

ಹೊಟ್ಟೆಯೊಳಗಿನ ನೀರು ಏಕೆ ಅಪಾಯವೆಂಬುದನ್ನು ಔಷಧ ಹೊಡೆಯುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೆನ್ನಿನ ಸ್ಪ್ರೇಯರ್ ತುಂಬಿದ್ದಾಗ ಭಾರವಿದ್ದರೂ ಸ್ಥಿರವಾಗಿರುತ್ತದೆ. ಅರ್ಧ ಖಾಲಿಯಾದಾಗ, ನೀವು ಎಡಕ್ಕೆ ವಾಲಿದರೆ ಒಳಗಿನ ದ್ರಾವಣವೂ ಎಡಕ್ಕೇ ನುಗ್ಗಿ ಇನ್ನಷ್ಟು ವಾಲಿಸುತ್ತದೆ. ಕಯಾಕ್‌ನ ಟೊಳ್ಳು ಹೊಟ್ಟೆಯಲ್ಲಿ ಹದಿನೈದು ಇಪ್ಪತ್ತು ಲೀಟರ್ ಸೇರಿದರೆ ಇದೇ ಆಗುತ್ತದೆ. ಮೇಲೆ ಕೂತವನಿಗೆ ನೀರು ಕಾಣುವುದಿಲ್ಲ; ದೋಣಿ ಇವತ್ತು ಏಕೋ ಸೋಮಾರಿಯಾಗಿದೆ ಎನಿಸುತ್ತದೆ, ಅಷ್ಟೆ. ಮೀನು ಕಚ್ಚಿ ಪಕ್ಕಕ್ಕೆ ಬಾಗಿದ ಗಳಿಗೆಯಲ್ಲಿ ಅದು ಮರಳಿ ನೆಟ್ಟಗಾಗುವುದಿಲ್ಲ.

ಮೊದಲ ವರ್ಷ ತೂತು ಬೇಡ

ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಕಯಾಕ್ ತಂದವರು ಮೊದಲ ಬೇಸಿಗೆ ಪೂರ್ತಿ ಅದಕ್ಕೆ ಒಂದು ತೂತನ್ನೂ ಕೊರೆಯಬಾರದು. ತಮ್ಮ ಕೈ ಎಲ್ಲಿಯವರೆಗೆ ನಿಲುಕುತ್ತದೆ, ಹುಟ್ಟು ಎಲ್ಲಿ ತಾಗುತ್ತದೆ, ದೋಣಿ ಎಷ್ಟು ವಾಲಿದರೆ ತಡೆಯುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಅಲ್ಲಿಯವರೆಗೆ ಹಾಲಿನ ಕ್ರೇಟಿನ ಉಪಾಯ ಸಾಕು. ಇದು ಹೊರದೇಶಗಳ ಕಯಾಕ್ ಗಾಳಗಾರರಲ್ಲಿ ಬಹಳ ಬಳಕೆಯಲ್ಲಿದೆ. ಗಟ್ಟಿಯಾದ ಪ್ಲಾಸ್ಟಿಕ್ ಕ್ರೇಟಿನ ಒಳ ಮೂಲೆಗಳಿಗೆ ಮೊಳದುದ್ದದ ಪಿ.ವಿ.ಸಿ. ಪೈಪಿನ ತುಂಡುಗಳನ್ನು ನೈಲಾನ್ ದಾರದಿಂದ ಎರಡೆರಡು ಕಡೆ ಬಿಗಿದು, ಕ್ರೇಟನ್ನು ಕೂರುವ ಜಾಗದ ಹಿಂದಿನ ತಗ್ಗಿನಲ್ಲಿಟ್ಟು, ದೋಣಿಯಲ್ಲೇ ಇರುವ ಕೊಂಡಿಗಳಿಗೆ ಹಗ್ಗದಿಂದ ಕಟ್ಟಬೇಕು. ತೋಟಕ್ಕೆ ನೀರಿನ ಪೈಪು ಹಾಕಿದ ಪ್ರತಿ ಮನೆಯಲ್ಲೂ ಇಂಥ ತುಂಡುಗಳು ಕೊಟ್ಟಿಗೆಯ ಅಟ್ಟದ ಮೇಲೆ ಇದ್ದೇ ಇರುತ್ತವೆ.

ಆದರೆ ಈ ಕ್ರೇಟು ಕೋಲನ್ನು ಸಾಗಿಸಲು ಮಾತ್ರ. ದಾರ ನೀರಿಗೆ ಬಿಟ್ಟು ಕೋಲನ್ನು ಬೆನ್ನ ಹಿಂದೆ ನಿಲ್ಲಿಸುವುದು ಸಲ್ಲದು. ಮೀನು ಕಚ್ಚಿದಾಗ ಸೊಂಟ ತಿರುಗಿಸಿ, ಒಂದು ಕೈ ಹಿಂದಕ್ಕೆ ಚಾಚಿ, ಬಿಗಿದ ಕೋಲನ್ನು ಕೊಳವೆಯಿಂದ ಎತ್ತಬೇಕಾಗುತ್ತದೆ. ದೇಹದ ಭಾರ ಒಂದು ಮಗ್ಗುಲಿಗೆ ಬರುವುದೂ ಮೀನಿನ ಎಳೆತವೂ ಒಂದೇ ಕಡೆಗೆ ಬಿದ್ದರೆ ದೋಣಿ ಮಗುಚುತ್ತದೆ. ಎಪ್ಪತ್ತೈದು ಎಂಬತ್ತು ಸೆಂ.ಮೀ. ಅಗಲದ ದೋಣಿಯಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಜಾಗದ ಆಯ್ಕೆ

ಕಾಯಂ ಆಸರೆಯ ಜಾಗವನ್ನು ನೀರಿನ ಮೇಲೆ ಗೊತ್ತು ಮಾಡಬಾರದು. ದೋಣಿಯನ್ನು ಮನೆಯ ಅಂಗಳದಲ್ಲಿ, ಹುಲ್ಲು ಅಥವಾ ಗೋಣಿಚೀಲದ ಮೇಲಿಟ್ಟು, ನೀವು ಎಂದಿನಂತೆ ಕೂರಬೇಕು. ತೇಲಂಗಿ ತೊಡುವವರು ತೊಟ್ಟೇ ಕೂರಬೇಕು, ಏಕೆಂದರೆ ಅದರ ದಪ್ಪದಿಂದ ಕೈಯ ಓಟ ಬದಲಾಗುತ್ತದೆ. ಕಣ್ಣು ಮುಚ್ಚಿಕೊಂಡು ಇಪ್ಪತ್ತು ಸಲ ಹುಟ್ಟು ಹಾಕಿದಂತೆ ಕೈ ಆಡಿಸಿರಿ. ಜೊತೆಗಿರುವವರು ಹುಟ್ಟೂ ಮೊಣಕೈಯೂ ಹಾದುಹೋಗುವ ಎಲ್ಲೆಯನ್ನು ಸುಣ್ಣದ ಕಡ್ಡಿಯಿಂದ ಗುರುತಿಸಲಿ. ಬಳಿಕ ಬೆನ್ನನ್ನು ಹಿಂದಿನ ಒರಗಿನಿಂದ ಎತ್ತದೆಯೇ ಕೈ ಮುಂದೆ ಚಾಚಿ ಬೆರಳು ಎಲ್ಲಿ ತಾಗುತ್ತದೋ ನೋಡಿರಿ. ಹುಟ್ಟಿನ ಎಲ್ಲೆಯ ಆಚೆಗೂ ಕೈಯ ಎಲ್ಲೆಯ ಒಳಗೂ ಸಿಗುವ ಜಾಗ ಸಾಮಾನ್ಯವಾಗಿ ಮಂಡಿಗಳ ಮುಂದೆ, ನಡುಗೆರೆಯ ಸಮೀಪದಲ್ಲಿರುತ್ತದೆ. ಅಲ್ಲಿಯೇ ಆಸರೆ ಕೂರಬೇಕು.

ಮುಂಭಾಗದಲ್ಲೇ ಏಕೆಂದರೆ ಎತ್ತಿನ ಉದಾಹರಣೆ ಕೊಡಬಹುದು. ಮೂಗುದಾರ ಹಿಡಿದು ಎಳೆದರೆ ಎತ್ತು ನಿಮ್ಮ ಕಡೆ ಮುಖ ತಿರುಗಿಸಿ ಬರುತ್ತದೆ. ಹೊಟ್ಟೆಗೆ ಹಗ್ಗ ಬಿಗಿದು ಪಕ್ಕಕ್ಕೆ ಎಳೆದರೆ ಕಾಲು ತಪ್ಪಿ ಮಗ್ಗುಲಾಗುತ್ತದೆ. ಕೋಲು ಮೂತಿಯ ಕಡೆಗಿದ್ದರೆ ಮೀನು ಎತ್ತ ಓಡಿದರೂ ದೋಣಿಯ ಮೂತಿ ಅತ್ತ ತಿರುಗುತ್ತದೆ, ಎಳೆತ ಉದ್ದಕ್ಕೆ ಬೀಳುತ್ತದೆ. ಕೋಲು ಪಕ್ಕದಲ್ಲಿ ಅಡ್ಡಡ್ಡವಾಗಿ ಚಾಚಿಕೊಂಡಿದ್ದರೆ ಎಳೆತವೆಲ್ಲ ಅಗಲಕ್ಕೆ ಬೀಳುತ್ತದೆ. ಕೊಳವೆಯನ್ನು ಮುಂದಕ್ಕೆ ಓರೆಯಾಗಿ, ನೆಲಕ್ಕೆ ಮೂವತ್ತರಿಂದ ನಲವತ್ತೈದು ಡಿಗ್ರಿ ಏರಿಸಿ, ಹೊರಮಗ್ಗುಲಿಗೆ ಸ್ವಲ್ಪವೇ ವಾಲಿಸಿದರೆ ಸಾಕು.

ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ದೋಣಿ ಮಗುಚಿದರೆ ನೀರಿನಿಂದ ಮತ್ತೆ ಹತ್ತುವುದು ಪಕ್ಕದಿಂದ, ಎದೆಯನ್ನು ದೋಣಿಯ ಮೇಲೆ ಅಡ್ಡ ಹಾಕಿ. ಆ ಮಗ್ಗುಲಿನಲ್ಲಿ ಕೊಳವೆ, ಬೋಲ್ಟಿನ ತುದಿ, ಕೊಕ್ಕೆ ಏನೊಂದೂ ಇರಬಾರದು. ಬಲಗೈಯವರು ಆಸರೆಯನ್ನು ಬಲಕ್ಕೆ ಕೂರಿಸಿ ಎಡಮಗ್ಗುಲನ್ನು ಸ್ವಚ್ಛವಾಗಿ ಬಿಟ್ಟುಕೊಳ್ಳುವುದು ಯುಕ್ತ. ಎದೆಮಟ್ಟದ ನೀರಿನಲ್ಲಿ, ದಂಡೆಯ ಮೇಲೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಹತ್ತುವುದನ್ನು ಮೂರು ನಾಲ್ಕು ಸಲ ಅಭ್ಯಾಸ ಮಾಡಿದ ಮೇಲೆಯೇ ಡ್ರಿಲ್ಲು ಕೈಗೆತ್ತಿಕೊಳ್ಳಬೇಕು.

ಕೂರಿಸುವ ಕೆಲಸ

ಕೊಳವೆಯನ್ನು ಕೊಂಡೇ ತರಬೇಕೆಂದಿಲ್ಲ. ಹೊರ ವ್ಯಾಸ 40 ಮಿ.ಮೀ. ಇರುವ ಪಿ.ವಿ.ಸಿ. ಪೈಪಿನಲ್ಲಿ ಸಾಮಾನ್ಯ ಕೋಲಿನ ಹಿಡಿ ಸಡಿಲವಾಗಿ ಹೋಗುತ್ತದೆ. ತರುವ ಮೊದಲು ನಿಮ್ಮ ಕೋಲನ್ನೇ ಹಾಕಿ ನೋಡಿರಿ. ಒಂದಡಿ ಉದ್ದಕ್ಕೆ ಕತ್ತರಿಸಿ, ಬಾಯಿಯ ಕಡೆ ಎರಡು ಸೆಂ.ಮೀ. ಅಗಲ, ಹತ್ತು ಹನ್ನೆರಡು ಸೆಂ.ಮೀ. ಆಳದ ಸೀಳು ತೆಗೆಯಬೇಕು. ಕೋಲಿನ ಕೆಳಗೆ ತೂಗುವ ರೀಲಿನ ಕಾಲು ಈ ಸೀಳಿನಲ್ಲಿ ಕೂತು ಕೋಲು ತಿರುಗದಂತೆ ತಡೆಯುತ್ತದೆ. ಕತ್ತರಿಸಿದ ಅಂಚನ್ನು ಅರದಿಂದ ನಯಗೊಳಿಸದಿದ್ದರೆ ಹಿಡಿಯ ಮೆತ್ತೆ ಹರಿಯುತ್ತದೆ. ಈ ಕೊಳವೆಯನ್ನು ಓರೆ ಕೂರಿಸುವ ಪೀಠವನ್ನು ಅಲ್ಯುಮಿನಿಯಂ ಪಟ್ಟಿಯಿಂದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಮರದ ದೋಣಿ ಇರುವವರಿಗಂತೂ ಒಂದು ಗಂಟಿನ ಮೇಲಕ್ಕೆ ಕಡಿದ ಬಿದಿರಿನ ತುಂಡನ್ನು ತೆಂಗಿನ ಹುರಿಯಿಂದ ಅಡ್ಡಮರಕ್ಕೆ ಬಿಗಿದರೆ ಸಾಕು. ಅದಕ್ಕೆ ಕಾಸಿನ ಖರ್ಚಿಲ್ಲ, ತೂತಿನ ರಗಳೆಯೂ ಇಲ್ಲ.

ಎಂ-ಸೀಲ್‌ನಂಥ ಅಂಟು ಮೆತ್ತಿದರೆ ಎಲ್ಲವೂ ನಿಲ್ಲುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪಾಲಿಥೀನ್ ಮೇಣದ ಸ್ವಭಾವದ ವಸ್ತು. ಯಾವ ಸಾಮಾನ್ಯ ಅಂಟೂ ಅದಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಬೋಲ್ಟು ಬೇಕೇ ಬೇಕು, ಬೋಲ್ಟಿನ ಬಲವನ್ನು ಹರಡಲು ಒಳಗಡೆ ಒಂದು ಹಲಗೆಯೂ ಬೇಕು. ಈ ಒಳಹಲಗೆಯೇ ಇಡೀ ಕೆಲಸದ ಜೀವಾಳ. ತೋಟದ ಕೆಲಸಕ್ಕೆ ಬಳಸಿ ಒಡೆದ ನೀಲಿ ಪ್ಲಾಸ್ಟಿಕ್ ಬ್ಯಾರಲ್ ಇದ್ದರೆ ಅದರ ಗೋಡೆಯಿಂದ 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಎರಡು ತುಂಡು ಕತ್ತರಿಸಿ ಒಂದರ ಮೇಲೊಂದು ಇಡಬಹುದು. ಬ್ಯಾರಲ್ಲಿನಲ್ಲಿ ಬೋರ್ಡೋ ದ್ರಾವಣ ಕಲಸಿದ್ದರೆ ಚೆನ್ನಾಗಿ ತೊಳೆಯಿರಿ, ಆದರೆ ಕೆರೆಯಲ್ಲಿ ತೊಳೆಯಬೇಡಿರಿ. ತಾಮ್ರ ಮೀನಿಗೆ ವಿಷ. ಮಳೆಗಾಲದ ಆರಂಭದಲ್ಲಿ ಕೊಳೆ ರೋಗಕ್ಕೆ ಔಷಧ ಹೊಡೆದು, ಡ್ರಮ್ಮು ಸ್ಪ್ರೇಯರನ್ನು ಕೆರೆಯ ಮೆಟ್ಟಿಲ ಮೇಲೆ ತೊಳೆದು, ಆಮೇಲೆ ಮರಿಗಳು ಸತ್ತವೆಂದು ಕೊರಗುವವರನ್ನು ನೋಡಿದ್ದೇನೆ.

ದೋಣಿಯ ಮೇಲ್ಭಾಗದ ದುಂಡು ಮುಚ್ಚಳ ತೆಗೆದು ಕೈ ಒಳಗೆ ಹಾಕಿ, ಗುರುತಿಸಿದ ಜಾಗದ ಕೆಳಗೆ ಬೆರಳು ತಲುಪುವುದೇ ಎಂದು ಮೊದಲು ನೋಡಬೇಕು. ತಲುಪಿದರೆ ಒಳಹಲಗೆ ಹಾಕಲು ಅಡ್ಡಿಯಿಲ್ಲ. ತಲುಪದಿದ್ದರೆ ಎರಡು ದಾರಿಗಳಿವೆ. ಕೈ ತಲುಪುವ ಇನ್ನೊಂದು ಜಾಗ ಹುಡುಕುವುದು ಉತ್ತಮ ದಾರಿ. ಬೋಲ್ಟು ಬಿಗಿದಂತೆ ಹೊಟ್ಟೆ ಉಬ್ಬಿ ಹಿಡಿಯುವ ರಬ್ಬರಿನ ನಟ್ಟು ಹಾಕುವುದು ಎರಡನೆಯದು. ಅದು ಚಿಕ್ಕ ಮೀನಿಗೆ, ಕಡಿಮೆ ಬಿಗಿಗೆ ಮಾತ್ರ ಸಾಕಾಗುತ್ತದೆ.

ಪೀಠವನ್ನೇ ಅಚ್ಚಾಗಿಟ್ಟು ನಾಲ್ಕು ಗುರುತು ಹಾಕಿ, ಮೊದಲು 3 ಮಿ.ಮೀ. ಮೊನೆಯಿಂದಲೂ ಆಮೇಲೆ 6 ಮಿ.ಮೀ. ಮೊನೆಯಿಂದಲೂ ಕೊರೆಯಬೇಕು. ಡ್ರಿಲ್ಲು ನಿಧಾನ ತಿರುಗಲಿ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ತೂತು ಅಂಕುಡೊಂಕಾಗುತ್ತದೆ. ಮೊನೆಯ ತುದಿಯಿಂದ ಒಂದು ಸೆಂ.ಮೀ. ಮೇಲೆ ಅಂಟುಪಟ್ಟಿ ಸುತ್ತಿಕೊಂಡರೆ ಅದು ಒಳಗೆ ನುಗ್ಗಿ ತಳದ ಗೋಡೆಗೆ ಬಡಿಯುವ ಭಯವಿಲ್ಲ. ತಳ ತೂತಾದ ಕಯಾಕ್ ದನಕ್ಕೆ ಅಕ್ಕಚ್ಚು ಹಾಕಲೂ ಬರುವುದಿಲ್ಲ. ಜೋಡಿಸುವ ಕ್ರಮ ಮೇಲಿನಿಂದ ಕೆಳಗೆ ಹೀಗಿರಬೇಕು: ಬೋಲ್ಟಿನ ತಲೆ, ವಾಷರು, ಪೀಠ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಮೆತ್ತೆ, ದೋಣಿಯ ಗೋಡೆ, ಒಳಹಲಗೆ, ಅಗಲ ವಾಷರು, ಕೊನೆಗೆ ಒಳಗೆ ನೈಲಾನ್ ಉಂಗುರವಿದ್ದು ತಾನಾಗಿ ಸಡಿಲಗೊಳ್ಳದ ನೈಲಾಕ್ ನಟ್ಟು. ತೂತಿನ ಸುತ್ತ ಸಿಲಿಕಾನ್ ಹಚ್ಚಬೇಕು. ಸಿಲಿಕಾನ್ ಕೂಡ ಪಾಲಿಥೀನ್‌ಗೆ ಅಂಟುವುದಿಲ್ಲವಾದರೂ ಒತ್ತಡದಲ್ಲಿ ಸಿಕ್ಕಿಕೊಂಡು ನೀರು ತಡೆಯುವ ಮೆತ್ತೆಯಾಗುತ್ತದೆ. ಬೋಲ್ಟುಗಳು ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಕೆರೆಯ ಸಿಹಿನೀರಿಗೆ 304 ದರ್ಜೆ ಸಾಕು. ಕುಮಟಾ, ಹೊನ್ನಾವರ ಕಡೆಯ ಅಳಿವೆಯ ಉಪ್ಪುನೀರಿಗೆ ಇಳಿಸುವವರು 316 ದರ್ಜೆಯದನ್ನೇ ಕೇಳಿ ತೆಗೆದುಕೊಳ್ಳಬೇಕು. ಉಪ್ಪುನೀರಿನಲ್ಲಿ ಉಕ್ಕಿನ ಬೋಲ್ಟಿಗೆ ತಾಗಿದ ಅಲ್ಯುಮಿನಿಯಂ ಬೇಗ ತಿಂದುಹೋಗುವುದರಿಂದ ಅಲ್ಲಿ ಪೀಠವೂ ಪ್ಲಾಸ್ಟಿಕ್ಕಿನದೇ ಆಗಿದ್ದರೆ ಒಳ್ಳೆಯದು.

ನಾಲ್ಕು ನಟ್ಟುಗಳನ್ನೂ ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ರಬ್ಬರು ಅಂಚಿನಲ್ಲಿ ತುಸು ಉಬ್ಬಿದರೆ ನಿಲ್ಲಿಸಬೇಕು. ಬಿಸಿಲಿಗೆ ಪಾಲಿಥೀನ್ ಹಿಗ್ಗಿ ಮೆತ್ತಗಾಗುವುದರಿಂದ ಮಿತಿಮೀರಿ ಬಿಗಿದ ಬೋಲ್ಟು ಒಂದೇ ಬೇಸಿಗೆಯಲ್ಲಿ ಗೋಡೆಯೊಳಗೆ ಹುದುಗುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು, ನಂತರ ಮೊಣಕಾಲು ನೀರಿನಲ್ಲಿ ಅರ್ಧ ಗಂಟೆ ಕೂತು, ದಂಡೆಗೆ ತಂದು ತಿರುಪು ಮುಚ್ಚಳ ಬಿಚ್ಚಿ ನೋಡಬೇಕು. ಒಂದು ಹನಿಯೂ ಇರಬಾರದು. ಹಳೆಯ, ಬೇಡವಾದ ತೂತುಗಳಿದ್ದರೆ ಅವಕ್ಕೂ ಇದೇ ಕ್ರಮದಲ್ಲಿ ಗಿಡ್ಡ ಬೋಲ್ಟು, ರಬ್ಬರು, ವಾಷರು ಹಾಕಿ ಮುಚ್ಚಬೇಕು.

ಫೈಬರ್ ಗಾಜಿನ ದೋಣಿಯ ಗೋಡೆ ತೆಳು ಹಾಗೂ ಪೆಡಸು. ಕೊರೆಯುವ ಜಾಗಕ್ಕೆ ಅಂಟುಪಟ್ಟಿ ಹಚ್ಚಿ ಕೊರೆದರೆ ಬಿರುಕು ಬಿಡುವುದಿಲ್ಲ. ಒಳಹಲಗೆ ಇನ್ನೂ ಅಗಲವಾಗಿರಲಿ.

ಬಿಗಿ ಹೊಂದಿಸುವುದು

ಕೂರಿಸಿದ ದಿನವೇ ಬಾಳೆಗೊನೆ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಕೆರೆಗೆ ತೆಗೆದುಕೊಂಡು ಹೋಗಿ. ಕೋಲನ್ನು ಆಸರೆಯಲ್ಲಿಟ್ಟು, ದಾರದ ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ, ಇನ್ನೊಬ್ಬರು ನಿಧಾನವಾಗಿ ಎಳೆಯಲಿ. ಮುಳ್ಳು ಎರಡು ಕಿಲೋ ತೋರಿಸುವಷ್ಟರಲ್ಲಿ ರೀಲು ದಾರ ಬಿಡಲಾರಂಭಿಸಬೇಕು; ಇಲ್ಲವಾದರೆ ತಿರುಪು ಸಡಿಲಿಸಿರಿ. ಆಗ ಪೀಠವನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಅಲುಗಾಟ ತಿಳಿಯುತ್ತದೆ. ಕೋಲಿನ ಹಿಡಿಗೆ ಒಂದು ಮೊಳ ಹುರಿ ಕಟ್ಟಿ ದೋಣಿಯ ಕೊಂಡಿಗೆ ಸೇರಿಸುವುದು ಅಗ್ಗದ ವಿಮೆ. ಒಂದು ಚೂರಿಯನ್ನೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು. ದಾರ ಮುಳುಗಿದ ಮರದ ಬೊಡ್ಡೆಗೆ ಸಿಕ್ಕಿ ದೋಣಿ ವಾಲತೊಡಗಿದರೆ ಕತ್ತರಿಸಿಬಿಡಬೇಕು, ದಾರಕ್ಕೆ ಮರುಗಬಾರದು.

ತಂತಿಯ ಕೆಳಗೆ ಕೋಲು ನಿಲ್ಲಿಸಬೇಡಿ

ಕೈಯಲ್ಲಿದ್ದ ಕೋಲನ್ನು ಮನುಷ್ಯ ಗಮನಿಸುತ್ತಾನೆ, ಕೊಳವೆಯಲ್ಲಿ ನಿಂತ ಕೋಲನ್ನು ಮರೆಯುತ್ತಾನೆ. ಇಂದಿನ ಗಾಳದ ಕೋಲುಗಳಲ್ಲಿ ಹೆಚ್ಚಿನವು ಕಾರ್ಬನ್ ನಾರಿನವು. ಅಡಿಕೆ ಕೊಯ್ಲಿಗೂ ಔಷಧ ಸಿಂಪಡಣೆಗೂ ಈಚೆಗೆ ನಾವು ಬಳಸುತ್ತಿರುವ ಅರವತ್ತು ಅಡಿಗೂ ಉದ್ದದ ಕಾರ್ಬನ್ ದೋಟಿಯೂ ಇದೇ ಜಾತಿಯದು. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ದೋಟಿ ಹಿಡಿಯುವ ಮೊದಲು ತಂತಿ ನೋಡಬೇಕೆಂಬುದನ್ನು ನಮ್ಮ ಕೊನೆಗಾರರು ಕಲಿತಿದ್ದಾರೆ. ದೋಣಿಯಲ್ಲಿ ಕೂರುವವರು ಇನ್ನೂ ಕಲಿಯಬೇಕಾಗಿದೆ. ಮಲೆನಾಡಿನಲ್ಲಿ ಪಂಪ್‌ಸೆಟ್ಟಿನ ತಂತಿ ಕೆರೆಯ ಮೇಲೆಯೇ ಹಾದುಹೋಗುವುದು ಅಪರೂಪವಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದ್ದಾಗ ಎತ್ತರದಲ್ಲಿ ಕಂಡ ತಂತಿ, ಕೆರೆ ತುಂಬಿದ ಮೇಲೆ ಅಷ್ಟೇ ಅಡಿ ಹತ್ತಿರವಾಗಿರುತ್ತದೆ. ಕ್ರೇಟಿನಲ್ಲಿ ನೆಟ್ಟಗೆ ನಿಂತ ಕೋಲುಗಳೇ ಇಲ್ಲಿ ಹೆಚ್ಚು ಅಪಾಯಕಾರಿ. ತಂತಿಯ ಕಡೆ ಹೋಗಲೇಬಾರದು. ಹೋಗಬೇಕಾದರೆ ಕೋಲುಗಳನ್ನು ದಂಡೆಯ ಮೇಲೆ ಬಿಟ್ಟುಹೋಗಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆಯ ಗುಡುಗಿಗೂ ಇದೇ ಮಾತು. ಬಯಲು ನೀರಿನ ನಡುವೆ ಎತ್ತರಕ್ಕೆ ನಿಂತಿರುವುದು ನಿಮ್ಮ ಕೋಲೊಂದೇ.

ಎಲ್ಲಿ ಇಳಿಸಬಾರದು

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಕಯಾಕ್ ಇಳಿಸಲೇಬಾರದು. ಗಾಳದ ಕೊಕ್ಕೆ ಹಾಳೆಯನ್ನು ಹರಿಯುವುದು ಸಣ್ಣ ಮಾತು. ಪಾಚಿಗಟ್ಟಿದ ಓರೆ ಹಾಳೆಯ ಮೇಲೆ ಕಾಲು ನಿಲ್ಲದೆ, ಈಜು ಬಲ್ಲವರೂ ಹೊರಬರಲಾಗದೆ ಮುಳುಗಿದ ಪ್ರಕರಣಗಳು ರಾಜ್ಯದಲ್ಲಿ ನಡೆದಿವೆ. ಅಂಥ ಹೊಂಡಕ್ಕೆ ಸುತ್ತ ಬೇಲಿಯೂ, ನಾಲ್ಕು ಕಡೆ ಗಂಟು ಹಾಕಿದ ಹಗ್ಗವೂ ಇರಬೇಕು.

ಅಘನಾಶಿನಿಯ ಮೇಲ್ಭಾಗವೂ ಗಾಳದ ಕಯಾಕ್‌ಗೆ ತಕ್ಕುದಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಈ ಹೊಳೆ ಎಲ್ಲಿಯೂ ಅಣೆಕಟ್ಟಿಲ್ಲದೆ ಸಮುದ್ರ ಸೇರುತ್ತದೆ. ದಾರಿಯಲ್ಲಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಅದರ ಕಣಿವೆಯ ಕಾಡಿನ ಒಂದು ಭಾಗವನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿತ್ತು. ಅಲ್ಲಿಗೆ ಹೋಗುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಅಗತ್ಯ. ಊರಿನ ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಬೇಕು. ಮುಂಗಾರಿನ ಮೊದಲ ಮಳೆಗೆ ಗದ್ದೆಯ ಹರಿನೀರಿನಲ್ಲಿ ಮೇಲೇರುವ ಹತ್ತುಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ಕೂಳಿ ಇಟ್ಟು ಹಿಡಿಯುವ ಹಳೆಯ ರೂಢಿ ನಮ್ಮಲ್ಲಿದೆ, ನಿಜ. ಆದರೆ ಕೆರೆಯಲ್ಲಿ ನಾಟಿ ಮೀನು ಉಳಿಯಬೇಕೆನ್ನುವವರು ಆ ಎರಡು ತಿಂಗಳು ಗಾಳ, ಕೂಳಿ ಎರಡನ್ನೂ ಅಟ್ಟಕ್ಕೇರಿಸುವುದು ಲೇಸು.

ಆ ದಿನಗಳಲ್ಲಿ ದೋಣಿಯನ್ನು ಕೊಟ್ಟಿಗೆಯ ಮಾಡಿನ ಕೆಳಗೆ ಬೋರಲು ಹಾಕಿ, ತಿರುಪು ಮುಚ್ಚಳ ತೆರೆದಿಡಬೇಕು. ಕೊಳವೆಯನ್ನು ಪೀಠದಿಂದ ಬಿಚ್ಚಿ ಬಾಯಿಗೆ ಬಟ್ಟೆ ತುರುಕಿಡಿ, ಇಲ್ಲವಾದರೆ ಕಣಜದ ಹುಳು ಗೂಡು ಕಟ್ಟುತ್ತದೆ. ಅಕ್ಟೋಬರಿನಲ್ಲಿ ಮತ್ತೆ ಇಳಿಸುವ ಮೊದಲು ನಾಲ್ಕೂ ನಟ್ಟುಗಳನ್ನು ಪಾನಾ ಹಾಕಿ ನೋಡಿ, ಸೈಕಲ್ ಟ್ಯೂಬಿನ ಮೆತ್ತೆ ಬಿರಿದಿದ್ದರೆ ಹೊಸದನ್ನು ಕತ್ತರಿಸಿ ಹಾಕಿರಿ.